ಆಕಿ ಉಂಡಾಳೇನು?

2006ರ ಮಳೆಗಾಲ. ಡೊಂಬಿವಲಿಯ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಯಾರು? ನಾನೂ ನನ್ನಾಕೆಯೂ ಬೆಳಗಿನ ಲೋಕಲ್ ಹಿಡಿಯುವವರು. ಒಂದು ಬ್ಯೂರೋಗೆ ಫೋನ್ ಹಚ್ಚಿದೆವು. ಹನ್ನೆರಡು ತಾಸಿನ ಡ್ಯೂಟಿಗೆ ಒಬ್ಬಾಕೆ ಬಂದಳು, ಹದಿನೈದು ದಿನಕ್ಕೆ ಬಿಟ್ಟು ಹೋದಳು. ಇನ್ನೊಬ್ಬಾಕೆ ಬಂದಳು. ನಾಲ್ಕು ತಿಂಗಳಲ್ಲಿ ಐದು ಮಂದಿ! "ಇವರಿಗೆ ನಿಯತ್ತೇ ಇಲ್ಲ" ಅಂತ ನಾನು ಗೊಣಗುತ್ತಿದ್ದೆ. ಐದನೆಯವಳು ಒಂದು ದಿನ ಬಾಯಿ ಬಿಟ್ಟಳು. ನಾವು ಬ್ಯೂರೋಗೆ ಕಟ್ಟುತ್ತಿದ್ದ ದುಡ್ಡಿನಲ್ಲಿ ಆಕೆಯ ಕೈಗೆ ಸಿಗುತ್ತಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅವ್ವ ಮಾತ್ರ ಹಾಸಿಗೆಯಿಂದಲೇ ದಿನಾ ಕೇಳುತ್ತಿದ್ದಳು: "ಆಕಿ ಉಂಡಾಳೇನೋ?"

ಅವ್ವನ ಈ ಪ್ರಶ್ನೆಯ ಮೇಲೇ ಒಂದು ಕಂಪನಿ ಕಟ್ಟಬಹುದು ಅಂತ ಗೊತ್ತಾಗಿದ್ದು ಆಮೇಲೆ, ನ್ಯೂಯಾರ್ಕಿನ ಒಂದು ಸಂಸ್ಥೆಯ ಚರಿತ್ರೆ ಓದಿದಾಗ.

ಅಮೆರಿಕಾದಲ್ಲಿ ಕನಿಷ್ಠ ಕೂಲಿಯ ಕಾನೂನು ಬಂದದ್ದು 1938ರಲ್ಲಿ. ಮನೆಗೆಲಸದವರು ಅದರ ಹೊರಗೇ ಉಳಿದರು. 1974ರಲ್ಲಿ ಅವರನ್ನು ಒಳಗೆ ಸೇರಿಸಿಕೊಂಡರು, ಆದರೆ ವಯಸ್ಸಾದವರ, ಕಾಯಿಲೆಯವರ 'ಜೊತೆಗಿರುವವರನ್ನು' ಬಿಟ್ಟು! ಮೈ ಒರೆಸಿ, ಬಟ್ಟೆ ಬದಲಿಸಿ, ಎತ್ತಿ ಕೂರಿಸುವ ಕೆಲಸಕ್ಕೆ 'ಜೊತೆಗಿರುವುದು' ಅಂತ ಹೆಸರಿಟ್ಟ ಪುಣ್ಯಾತ್ಮರು ಒಂದು ರಾತ್ರಿಯಾದರೂ ರೋಗಿಯ ಪಕ್ಕ ಕೂತಿದ್ದರೋ ಇಲ್ಲವೋ.

ಈ ಹೊತ್ತಿನಲ್ಲಿ, 1985ರಲ್ಲಿ, ನ್ಯೂಯಾರ್ಕಿನ ಬಡ ಭಾಗವಾದ ಸೌತ್ ಬ್ರಾಂಕ್ಸಿನಲ್ಲಿ ರಿಕ್ ಸರ್ಪಿನ್, ಪೆಗ್ಗಿ ಪೊವೆಲ್ ಮತ್ತವರ ಜೊತೆಗಾರರು ಕೋಆಪರೇಟಿವ್ ಹೋಮ್ ಕೇರ್ ಅಸೋಸಿಯೇಟ್ಸ್ ಶುರು ಮಾಡಿದರು. ಆರಂಭದಲ್ಲಿ ಇದ್ದವರು ಹನ್ನೆರಡು ಆರೈಕೆಗಾರ್ತಿಯರು. ಈ ಧಂಧೆಯ ಲೆಕ್ಕ ಸರಳ. ಬಡ ರೋಗಿಗಳ ಖರ್ಚನ್ನು ಬಹುಪಾಲು ಸರ್ಕಾರದ ಮೆಡಿಕೇಡ್ ಯೋಜನೆ ಭರಿಸುತ್ತದೆ, ತಾಸಿಗೆ ಇಷ್ಟು ಅಂತ ದರ ಮೊದಲೇ ನಿಗದಿ. ದರ ಏರಿಸುವಂತಿಲ್ಲ ಅಂದ ಮೇಲೆ ಮಾಲೀಕ ಕತ್ತರಿ ಹಾಕುವುದು ಕೂಲಿಗೇ. ಕೂಲಿ ಕಡಿಮೆಯಾದರೆ ಹೆಂಗಸರು ಬಿಟ್ಟು ಹೋಗುತ್ತಾರೆ, ಮತ್ತೆ ಹೊಸಬರನ್ನು ಹುಡುಕಿ ಕಲಿಸಬೇಕು. ಡೊಂಬಿವಲಿಯಲ್ಲಿ ನನ್ನ ಮನೆಯಲ್ಲಿ ಆದದ್ದೂ ಅದೇ ತಾನೆ?

ಇವರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. ಬಂದದ್ದರಲ್ಲಿ ದೊಡ್ಡ ಪಾಲು ಕೂಲಿಗೆ, ತರಬೇತಿಗೆ. ಕೆಲಸಕ್ಕೆ ಸೇರುವವರಿಗೆ ವಾರಗಟ್ಟಲೆ ಉಚಿತ ತರಬೇತಿ. ಹಳೆಯ ಆರೈಕೆಗಾರ್ತಿಯರೇ ಹೊಸಬರಿಗೆ ಬೆನ್ನಿಗೆ ನಿಂತು ಕಲಿಸುವ ಪದ್ಧತಿ. ಹಲವು ವರ್ಷ ದುಡಿದವರಿಗೆ ವಾರಕ್ಕೆ ಇಷ್ಟು ತಾಸಿನ ಸಂಬಳ ಖಾತ್ರಿ, ಯಾಕೆಂದರೆ ರೋಗಿ ತೀರಿಕೊಂಡರೆ ಅಥವಾ ಆಸ್ಪತ್ರೆ ಸೇರಿದರೆ ಆಕೆಯ ದುಡಿಮೆಯೂ ಅವತ್ತೇ ನಿಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡದು ಒಡೆತನ. ಒಂದು ಷೇರಿಗೆ ಸಾವಿರ ಡಾಲರ್. ಮೊದಲು ಐವತ್ತು ಕೊಟ್ಟರೆ ಸಾಕು, ಉಳಿದದ್ದು ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುತ್ತಾರೆ. ಆಡಳಿತ ಮಂಡಳಿಯಲ್ಲಿ ಬಹುಮತ ಕೆಲಸಗಾರರು ಆರಿಸಿ ಕಳಿಸಿದವರದು.

ಮೊದಲು ನಷ್ಟವೇ. 1987ರಲ್ಲಿ ಲಾಭ ಕಂಡಿತು. ಮುಂದೆ ಕೆಲಸಗಾರರ ಸಂಖ್ಯೆ ಎರಡು ಸಾವಿರ ದಾಟಿ, ಅಮೆರಿಕಾದ ಅತಿ ದೊಡ್ಡ ಕೆಲಸಗಾರರ ಸಹಕಾರಿ ಎನಿಸಿತು. ಬಿಟ್ಟು ಹೋಗುವವರ ಪ್ರಮಾಣ ಉಳಿದ ಏಜೆನ್ಸಿಗಳ ಅರ್ಧಕ್ಕಿಂತಲೂ ಕಡಿಮೆ ಇತ್ತು. ಹಾಗಂತ ಅಲ್ಲಿನ ಹೆಂಗಸರೇನೂ ಶ್ರೀಮಂತರಾಗಲಿಲ್ಲ. ದರ ಸರ್ಕಾರದ ಕೈಯಲ್ಲಿ ಇರುವಾಗ ಒಡೆಯರಾದರೂ ಮಾಡುವುದೇನು? 2003ರಲ್ಲಿ ಈ ಒಡೆಯರೇ ಕಾರ್ಮಿಕ ಸಂಘವನ್ನೂ ಸೇರಿದರು. ಇದು ನನಗೆ ಬಹಳ ಹಿಡಿಸಿತು!

ಇದೇ ನ್ಯೂಯಾರ್ಕ್ ಸೀಮೆಯಲ್ಲಿ, ಬೇರೊಂದು ಏಜೆನ್ಸಿಯಲ್ಲಿ ದುಡಿದವಳು ಎವೆಲಿನ್ ಕೋಕ್. ಜಮೈಕಾದಿಂದ ವಲಸೆ ಬಂದವಳು. ವರ್ಷಗಟ್ಟಲೆ ದುಡಿದು, ಅನೇಕ ಸಲ ರೋಗಿಯ ಮನೆಯಲ್ಲೇ ರಾತ್ರಿ ಕಳೆದು, ಓವರ್‌ಟೈಮ್ ಸಿಗದೆ ಕೋರ್ಟಿಗೆ ಹೋದಳು. 2007ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಆಕೆಯ ವಿರುದ್ಧ ತೀರ್ಪು ಕೊಟ್ಟರು. ಕಾರಣ, ಅದೇ 1974ರ 'ಜೊತೆಗಿರುವವರು'. 2009ರಲ್ಲಿ ಕೋಕ್ ತೀರಿಕೊಂಡಳು. ನಿಯಮ ಬದಲಾದದ್ದು 2013ರಲ್ಲಿ, ಜಾರಿಗೆ ಬಂದದ್ದು 2015ರಲ್ಲಿ. ಅದನ್ನು ಹಿಂತೆಗೆಯುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ 2025ರಲ್ಲಿ ಮುಂದಿಟ್ಟಿತು.

ನಮ್ಮ ಐದನೆಯವಳು ಆಮೇಲೆ ಬ್ಯೂರೋ ಬಿಟ್ಟು ನೇರವಾಗಿ ನಮ್ಮಲ್ಲೇ ಕೆಲಸಕ್ಕೆ ನಿಂತಳು. ಅಷ್ಟೂ ದುಡ್ಡು ಅವಳ ಕೈಗೇ, ರವಿವಾರ ರಜೆ. ಅವ್ವ ಕಣ್ಣು ಮುಚ್ಚುವವರೆಗೆ, ಮೂರು ವರ್ಷ, ಅವಳೇ ಇದ್ದಳು. ಅವ್ವನಿಗೆ ಮರಾಠಿಯಲ್ಲಿ "ಆಜೀ" ಅನ್ನುವಳು, ಅವ್ವ ಧಾರವಾಡದ ಕನ್ನಡದಲ್ಲೇ ಉತ್ತರ ಕೊಡುವಳು. ಇಬ್ಬರಿಗೂ ತಿಳಿಯುತ್ತಿತ್ತು. ನಾನು ಭಾರಿ ನ್ಯಾಯವಂತ ಅಂತ ಒಳಗೊಳಗೇ ಬೀಗುತ್ತಿದ್ದೆ. ಕೋಕ್‌ಳ ಕಥೆ ಓದಿದ ಮೇಲೆ ಹಳೆಯ ಖರ್ಚಿನ ಡೈರಿ ಹುಡುಕಿ ತೆಗೆದೆ. ಕೊನೆಯ ತಿಂಗಳುಗಳಲ್ಲಿ ಎಷ್ಟೋ ರಾತ್ರಿ ಅವಳು ಮನೆಗೆ ಹೋಗದೆ ಅವ್ವನ ಪಕ್ಕದಲ್ಲೇ ಉಳಿದಿದ್ದಳು. ಹಾಲು, ಔಷಧಿ, ಆಟೋ, ಎಲ್ಲ ಬರೆದಿಟ್ಟಿದ್ದೆ. ಆ ರಾತ್ರಿಗಳ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ.