ಹಿಮಸಾರಂಗದ ಚರ್ಮದ ಡೋಲು

ಮನಸ್ಸು ದಣಿದಾಗ ಕೆಲವರಿಗೆ ಭಜನೆ ಬೇಕು, ಕೆಲವರಿಗೆ ಮೌನ ಬೇಕು. ನನಗೆ ಈಚೆಗೆ ಹಿಡಿಸಿರುವುದು ಡೋಲಿನ ಸದ್ದು. ಹಾಡಿಲ್ಲ, ರಾಗವಿಲ್ಲ; ಒಂದೇ ಸಮನೆ ನಿಮಿಷಕ್ಕೆ 200ಕ್ಕೂ ಹೆಚ್ಚು ಪೆಟ್ಟು. ಕಣ್ಣು ಮುಚ್ಚಿ ಮಲಗಿ ಕೇಳಬೇಕು. ಕಾಲು ಗಂಟೆಯಾದ ಮೇಲೆ ಲಯ ಬದಲಾಗಿ ‘ಏಳು’ ಎಂದು ಕರೆಯುತ್ತದೆ. ಅಷ್ಟರಲ್ಲಿ ತಲೆಯೊಳಗಿನ ಗದ್ದಲ ಇಳಿದಿರುತ್ತದೆ.

ಇದನ್ನು ಷಾಮನ್ ಡೋಲಿನ ಧ್ಯಾನ ಎನ್ನುತ್ತಾರೆ. ಪೇಟೆಯ ಜನರಿಗೆ ಒಗ್ಗುವಂತೆ ಇದಕ್ಕೆ ರೂಪ ಕೊಟ್ಟವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್ ಮುಖ್ಯರು. ಅವರ ‘ದ ವೇ ಆಫ್ ದ ಷಾಮನ್’ ಪುಸ್ತಕ ಬಂದದ್ದು 1980ರಲ್ಲಿ. ಆದರೆ ಷಾಮನ್ ಎಂಬ ಮಾತು ಅಮೆರಿಕದ್ದಲ್ಲ. ಸೈಬೀರಿಯದ ಎವೆಂಕಿ ಜನರ ನುಡಿಯಿಂದ ಬಂದದ್ದು. ಇತಿಹಾಸ ಕಲಿಸುವವಳಿಗೆ ಇಷ್ಟು ಸಿಕ್ಕರೆ ಸಾಕು, ಹಿಂದಿನದನ್ನು ಕೆದಕದೆ ಬಿಡಲಾರಳು. ಕೆದಕಿದಾಗ ಸಿಕ್ಕಿದ್ದು ಮಾತ್ರ ನೆಮ್ಮದಿಯ ಕಥೆಯಲ್ಲ.

ಸೈಬೀರಿಯಕ್ಕೂ ಪಶ್ಚಿಮಕ್ಕೆ, ನಾರ್ವೆ, ಸ್ವೀಡನ್ ದೇಶಗಳ ಉತ್ತರದ ತುದಿಯಲ್ಲಿ ಸಾಮಿ ಎಂಬ ಜನರಿದ್ದಾರೆ. ಅವರಲ್ಲೂ ಇಂಥ ಡೋಲಿತ್ತು. ಮರದ ಚೌಕಟ್ಟಿಗೆ ಒಂದೇ ಮಗ್ಗುಲಲ್ಲಿ ಹಿಮಸಾರಂಗದ ಚರ್ಮ ಬಿಗಿದು, ಆಲ್ಡರ್ ಮರದ ತೊಗಟೆಯ ಕೆಂಪು ರಸದಿಂದ ಸೂರ್ಯ, ದೇವತೆಗಳು, ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಚರ್ಮದ ಮೇಲೆ ಸಣ್ಣ ಬಿಲ್ಲೆಯಿಟ್ಟು ಬಾರಿಸಿದರೆ ಅದು ಕುಣಿಯುತ್ತ ಹೋಗಿ ಯಾವುದೋ ಚಿತ್ರದ ಮೇಲೆ ನಿಲ್ಲುತ್ತಿತ್ತು. ಬೇಟೆಗೆ ಯಾವ ದಿಕ್ಕಿಗೆ ಹೋಗಬೇಕು, ಕಾಯಿಲೆ ವಾಸಿಯಾದೀತೇ ಎಂದು ಅದರಿಂದ ತಿಳಿಯುತ್ತಿದ್ದರು.

ಕ್ರೈಸ್ತ ಪಾದ್ರಿಗಳಿಗೆ, ರಾಜರ ಅಧಿಕಾರಿಗಳಿಗೆ ಇದು ಸೈತಾನನ ವಾದ್ಯವಾಗಿ ಕಂಡಿತು. ಸಿಕ್ಕಿದ ಡೋಲುಗಳನ್ನು ಕಿತ್ತುಕೊಂಡರು, ಸುಟ್ಟರು. ಸ್ವೀಡನ್ನಿನ ಆರ್ಯೆಪ್ಲೋಗಿನಲ್ಲಿ 1693ರಲ್ಲಿ ಲಾರ್ಸ್ ನಿಲ್ಸನ್ ಎಂಬುವನಿಗೆ ಮರಣದಂಡನೆಯಾಯಿತು. ಅವನ ದೇಹದ ಜೊತೆ ಡೋಲೂ ಬೆಂಕಿಗೆ ಬಿತ್ತು. ಸತ್ತ ಮೊಮ್ಮಗನಿಗಾಗಿ ಡೋಲು ಬಾರಿಸಿದ ಅಜ್ಜ ಅವನು.

ಅದಕ್ಕೆ ಒಂದು ವರ್ಷ ಮೊದಲು, ಡೆನ್ಮಾರ್ಕಿನ ದೊರೆಯ ಕೈಕೆಳಗಿದ್ದ ನಾರ್ವೆಯಲ್ಲಿ ಆಂಡರ್ಸ್ ಪೌಲ್ಸನ್ ಎಂಬ ಹಣ್ಣು ಹಣ್ಣು ಮುದುಕನ ವಿಚಾರಣೆ ನಡೆಯಿತು. ಡೋಲಿನ ಒಂದೊಂದು ಚಿತ್ರದ ಅರ್ಥವನ್ನೂ ಆತ ನ್ಯಾಯಾಧೀಶರಿಗೆ ಬಿಡಿಸಿ ಹೇಳಿದ. ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂಬ ಆಸೆಯಿತ್ತು, ತಾಯಿ ಈ ವಿದ್ಯೆ ಕಲಿಸಿದಳು ಎಂದ. ಅಕ್ಕಪಕ್ಕದವರ ಕಾಯಿಲೆ ಕಸಾಲೆಗೆ ಮದ್ದು ಹೇಳುವ ಅಜ್ಜಿಯರ ನಡುವೆ ಬೆಳೆದ ನಮಗೆ ಆ ತಾಯಿ ಅಪರಿಚಿತಳೆನಿಸುವುದಿಲ್ಲ. ಮುಂದಿನ ಅಪ್ಪಣೆ ಬರುವ ಮೊದಲೇ, ಬಂಧನದಲ್ಲಿದ್ದ ಪೌಲ್ಸನ್‌ನನ್ನು ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಕೊಂದುಬಿಟ್ಟ.

ಸೈಬೀರಿಯದ ಸರದಿ ಇಪ್ಪತ್ತನೆಯ ಶತಮಾನದಲ್ಲೂ ಬಂತು. ಸೋವಿಯತ್ ಆಡಳಿತದಲ್ಲಿ ಷಾಮನರು ಸೆರೆಮನೆ ಕಂಡರು, ಡೋಲುಗಳು ವಸ್ತುಸಂಗ್ರಹಾಲಯ ಸೇರಿದವು. ಇಂದು ನಾವು ನಮ್ಮೊಬ್ಬರ ಆಯಾಸ ಕಳೆಯಲೆಂದು ಕೇಳುವ ಸದ್ದನ್ನು ಅವರು ಬಾರಿಸುತ್ತಿದ್ದುದು ಬಹುಮಟ್ಟಿಗೆ ಇನ್ನೊಬ್ಬರ ನೋವಿಗಾಗಿ, ಇಡೀ ಸಮುದಾಯಕ್ಕಾಗಿ. ಕೇಳಬಾರದೆಂದು ನಾನು ಹೇಳುವುದಿಲ್ಲ. ಯಾರ ಮನೆಯ ಸೊತ್ತು ಎಂಬುದು ಕೇಳುವವರಿಗೆ ತಿಳಿದಿರಲಿ.

ಪೌಲ್ಸನ್‌ನ ಡೋಲು ಕೋಪನ್‌ಹೇಗನ್ನಿನ ರಾಜಸಂಗ್ರಹ ಸೇರಿತ್ತು. 1979ರಿಂದ ನಾರ್ವೆಯ ಕಾರಾಶೋಕಿನ ಸಾಮಿ ವಸ್ತುಸಂಗ್ರಹಾಲಯದಲ್ಲಿದ್ದರೂ ಅದು ಬರೀ ಕಡವಾಗಿತ್ತು. ಸಾಮಿ ಜನ ಪಟ್ಟು ಬಿಡದೆ ಕೇಳಿದರು. 2022ರಲ್ಲಿ, 330 ವರ್ಷಗಳ ಮೇಲೆ, ಡೆನ್ಮಾರ್ಕ್ ಅದರ ಒಡೆತನವನ್ನು ಅವರಿಗೇ ಬಿಟ್ಟುಕೊಟ್ಟಿತು.