ಮನೆಯಿಂದ ಹೊರಟ ವಾಣಿ

ಕೊಪ್ಪಳದ ಗವಿಮಠದ ಗುಡ್ಡದ ಮೇಲೂ, ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವದು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಕೊರೆಯಿಸಿದ ಈ ಬಂಡೆಗಳು ಈ ಸೀಮೆಯಲ್ಲಿ ಜನಸಾಮಾನ್ಯರನ್ನು ಕುರಿತು ಹೊರಟ ಮಾತಿನ ಅತಿ ಹಳೆಯ ಸಾಕ್ಷಿಗಳಲ್ಲಿ ಸೇರಿರುವವು. ದೂರದ ಪಾಟಲೀಪುತ್ರದಲ್ಲಿದ್ದ ಅರಸನು ನುಡಿದನು, ಇಲ್ಲಿಯವರು ಕೇಳಿದರು. ಆದರೆ ಕೇಳಿದವರು ಏನೆಂದರೆಂಬದನ್ನು ಯಾವ ಬಂಡೆಯೂ ಹೇಳುವದಿಲ್ಲ. ಸಾವಿರಾರು ಜನರಿಗೆ ಏಕಕಾಲಕ್ಕೆ ಮಾತು ಮುಟ್ಟಿಸುವ ಸಾಧನವು ಆಳುವವರ ಕೈಯಲ್ಲಿ ಮಾತ್ರ ಇರತಕ್ಕದ್ದೆಂಬ ಸ್ಥಿತಿಯು ಅಂದಿನಿಂದ ಬಹುಕಾಲದ ವರೆಗೆ ನಡೆದುಬಂದಿತು. ಆ ಸ್ಥಿತಿಯು ಕನ್ನಡ ನಾಡಿನಲ್ಲಿ ಯಾವಾಗ, ಯಾರಿಂದ ಸಡಿಲಾಯಿತೆಂಬದು ವಿಚಾರಾರ್ಹವಾದ ವಿಷಯವಾಗಿದೆ.

ಮುದ್ರಣಯಂತ್ರವು ಪತ್ರಿಕೆಗಳನ್ನು ಕೊಟ್ಟಿತು. ಆದರೆ ಓದುಬಾರದವರಿಗೆ ಅದರಿಂದಾದ ಪ್ರಯೋಜನವು ಅಲ್ಪ. ಧ್ವನಿಯನ್ನೇ ದೂರಕ್ಕೆ ಕಳಿಸುವ ರೇಡಿಯೋ ಬಂದ ಮೇಲೆ ಆ ಕೊರತೆಯು ನೀಗುವ ಸಂಭವವುಂಟಾಯಿತು. ಹಿಂದುಸ್ತಾನದಲ್ಲಿ ಈ ಕಾರ್ಯವನ್ನು ಮೊದಲು ಕೈಕೊಂಡವರು ಸರಕಾರದವರಲ್ಲ, ಹವ್ಯಾಸಿಗಳು. 1923ರಲ್ಲಿ ಮುಂಬಯಿಯ ರೇಡಿಯೋ ಕ್ಲಬ್ಬು, 1924ರಲ್ಲಿ ಮದ್ರಾಸಿನ ಕ್ಲಬ್ಬು ಬಿತ್ತರಿಸತೊಡಗಿದವು. ಮದ್ರಾಸಿನವರು ಹಣವಿಲ್ಲದೆ 1927ರಲ್ಲಿ ನಿಲ್ಲಿಸಬೇಕಾಯಿತು. ಅವರ ಯಂತ್ರವು ಆ ನಗರದ ಕಾರ್ಪೊರೇಶನ್ನಿಗೆ ಹೋಯಿತು. ಅದೇ ವರ್ಷ ಮುಂಬಯಿಯಲ್ಲಿ ಆರಂಭಿಸಿದ ಖಾಸಗಿ ಕಂಪನಿಯೂ 1930ರಲ್ಲಿ ಮುಚ್ಚಿ, ಅದರ ಕೆಲಸವು ಸರಕಾರದ ಪಾಲಾಯಿತು. ಉತ್ಸಾಹಿಗಳು ಹಚ್ಚಿದ ದೀಪಕ್ಕೆ ಎಣ್ಣೆ ಸಾಲದಾಗಿ ಅದು ಅಧಿಕಾರದ ಮಾಡಕ್ಕೆ ಸೇರುವದು ಅಂದಿನ ರೂಢಿಯೇ ಆಗಿತ್ತು.

ಈ ಅನುಭವವು ಕಣ್ಣ ಮುಂದಿದ್ದರೂ ಮೈಸೂರಿನ ಒಬ್ಬ ಪ್ರಾಧ್ಯಾಪಕರು ಹಿಂಜರಿಯಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಇವರು 1935ನೆಯ ಸಪ್ಟೆಂಬರದಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಚಿಕ್ಕದೊಂದು ಪ್ರೇಷಕಯಂತ್ರವನ್ನಿಟ್ಟು ಬಿತ್ತರವನ್ನಾರಂಭಿಸಿದರು. ಒಂದು ಸಾಧಾರಣ ವಿದ್ಯುದ್ದೀಪವು ಬಳಸುವಷ್ಟೂ ಇಲ್ಲದ ಈ ಶಕ್ತಿಯಿಂದ ವಾಣಿಯು ಬಹು ದೂರ ಹೋಗುವಂತಿರಲಿಲ್ಲ. ಮುಂದೆ ಅವರು 250 ವ್ಯಾಟಿನ ಯಂತ್ರವನ್ನು ತರಿಸಿದರು.

ಆ ಕೇಂದ್ರಕ್ಕೆ ಆಕಾಶವಾಣಿಯೆಂಬ ಹೆಸರಾಯಿತು. ಇದನ್ನು ಗೋಪಾಲಸ್ವಾಮಿಯವರೇ ಇಟ್ಟರೆಂದೂ, ಅವರಿಗೆ ನೆರವಾಗಿದ್ದ ನಾ. ಕಸ್ತೂರಿಯವರು ಸೂಚಿಸಿದರೆಂದೂ ಎರಡು ಮಾತುಗಳುಂಟು. ಹೆಸರಿಗಿಂತ ಮಹತ್ವದ ಸಂಗತಿಯೆಂದರೆ ಅಲ್ಲಿ ನಡೆದ ಕೆಲಸವು. ಸಂಗೀತಗಾರರು ಹಾಡಿದರು, ಅಧ್ಯಾಪಕರು ತಮ್ಮ ವಿಷಯಗಳನ್ನು ತಿಳಿಗನ್ನಡದಲ್ಲಿ ವಿವರಿಸಿದರು, ಕುವೆಂಪು ಅವರಂಥ ಕವಿಗಳು ತಮ್ಮ ಕವಿತೆಗಳನ್ನು ತಾವೇ ಓದಿದರು. ತರಗತಿಯ ಗೋಡೆಗಳೊಳಗಿದ್ದ ವಿದ್ಯೆಯನ್ನು ಮನೆಮನೆಗೆ ಒಯ್ಯುವದೇ ಇದರ ಹುರುಳಾಗಿತ್ತು. ಲಾಭದ ಆಶೆಯಿಲ್ಲದೆ, ವೆಚ್ಚದ ದೊಡ್ಡ ಪಾಲನ್ನು ತಮ್ಮ ಕೈಯಿಂದಲೇ ಹಾಕಿ ಅವರು ಕೆಲವು ವರ್ಷ ಇದನ್ನು ನಡೆಯಿಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರಕಾರವು ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ವ್ಯವಸ್ಥೆಯಲ್ಲಿ ಲೀನವಾಗಿ, 1955ರಲ್ಲಿ ಬೆಂಗಳೂರಿಗೆ ಸಾಗಿತು. ಒಂಟಿಕೊಪ್ಪಲಿನ ಮನೆಯ ಹೆಸರು ಅದೇ ದಶಕದಲ್ಲಿ ದೇಶದ ಬಾನುಲಿಗೆಲ್ಲ ಹೆಸರಾಯಿತು.

ಇತ್ತ ಈ ಸೀಮೆಯ ಸ್ಥಿತಿಯು ಬೇರೆಯಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ಹೈದರಾಬಾದಿನಲ್ಲಿಯೂ ಖಾಸಗಿಯವರೇ ಮೊದಲಿಟ್ಟ ರೇಡಿಯೋ ಕೇಂದ್ರವೊಂದು 1935ರಲ್ಲಿ ನಿಜಾಮ ಸರಕಾರದ ವಶವಾಯಿತು. ಕಚೇರಿಗೂ ಉಚ್ಚ ಶಿಕ್ಷಣಕ್ಕೂ ಉರ್ದುವೇ ಭಾಷೆಯಾಗಿದ್ದ ರಾಜ್ಯದಲ್ಲಿ ಮರಳಿಯಂಥ ಕನ್ನಡ ಹಳ್ಳಿಯ ಒಕ್ಕಲಿಗನಿಗೆ ಅಲ್ಲಿಂದ ಬರುವ ವಾಣಿಯು ತನ್ನದೆನಿಸುವದು ಹೇಗೆ? 1947-48ರಲ್ಲಿ ರಜಾಕಾರರ ಹಾವಳಿಯು ಹೆಚ್ಚಿದಾಗ ಇಲ್ಲಿಯ ತರುಣರು ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವನ್ನು ಸೇರಿದರು. ಆ ದಿನಗಳಲ್ಲಿ ರೇಡಿಯೋ ಸರಕಾರದ ಮಾತನ್ನು ಹೇಳುತ್ತಿತ್ತು. ಹಳ್ಳಿಗಳ ಸಂಕಟವು ಬಾಯಿಂದ ಬಾಯಿಗೆ ಸಾಗುತ್ತಿತ್ತು. ಕಡೆಗೆ 1948ನೆಯ ಸಪ್ಟೆಂಬರ 17ರಂದು ನಿಜಾಮರು ಶರಣಾದ ಸುದ್ದಿಯೂ ಅದೇ ಹೈದರಾಬಾದಿನ ರೇಡಿಯೋದಿಂದಲೇ ಹೊರಟಿತು. ಮೈಸೂರಿನಲ್ಲಿ ಒಬ್ಬ ಗೃಹಸ್ಥನು ತನ್ನ ಮನೆಯಿಂದ ಊರಿಗೆ ಮಾತಾಡಬಲ್ಲವನಾಗಿದ್ದ ಕಾಲದಲ್ಲಿ, ಈ ಭಾಗದ ಕನ್ನಡಿಗನು ತನ್ನ ಊರಿನ ಸುದ್ದಿಯನ್ನು ಇತರರ ನಾಲಗೆಯಿಂದ ಕೇಳಬೇಕಾಗಿತ್ತು. ಸ್ವಂತ ವಾಣಿಯ ಬೆಲೆಯು ಇಲ್ಲಿಯವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು.

ಸ್ವಾತಂತ್ರ್ಯಾನಂತರ 1950ನೆಯ ಜನವರಿಯಲ್ಲಿ ಧಾರವಾಡದ ಕೇಂದ್ರವೂ, 1966ರಲ್ಲಿ ಗುಲಬರ್ಗೆಯ ಕೇಂದ್ರವೂ ಬಂದು ಉತ್ತರದ ಕನ್ನಡಕ್ಕೆ ಮಾನ್ಯತೆ ದೊರೆಯಿತು. ಆದರೂ ಬಿತ್ತರದ ಹಕ್ಕು ಸರಕಾರದಲ್ಲಿಯೇ ಉಳಿಯಿತು. 1995ನೆಯ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಮುಂದೆ ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರು 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ಕಟ್ಟಿಕೊಂಡರು. ತರಂಗಗಳನ್ನು ಬಳಸಲು ಪರವಾನಿಗೆಯಿಲ್ಲದ್ದರಿಂದ ತಂತಿಯ ಮೂಲಕ ಮನೆಗಳಿಗೆ ತಮ್ಮ ಕಾರ್ಯಕ್ರಮಗಳನ್ನು ಮುಟ್ಟಿಸಿದರು. ಸಮುದಾಯದ ಸಂಸ್ಥೆಗಳಿಗೆ ರೇಡಿಯೋ ನಡೆಯಿಸಲು ಅಪ್ಪಣೆ ದೊರೆತದ್ದು 2006ರಲ್ಲಿ. ಗೋಪಾಲಸ್ವಾಮಿಯವರು ಆರಂಭಿಸಿದ 71 ವರ್ಷಗಳ ತರುವಾಯ!

ಅಷ್ಟರಲ್ಲಿ ಬೇರೊಂದು ಬಾಗಿಲು ತೆರೆದಿತ್ತು. 2005ರಲ್ಲಿ ಅಮೇರಿಕದಲ್ಲಿ ಮೂವರು ತರುಣರು ಯೂಟ್ಯೂಬನ್ನು ಸ್ಥಾಪಿಸಿದರು. ಮರುವರ್ಷ ಗೂಗಲ್ ಕಂಪನಿಯು ಅದನ್ನು ಕೊಂಡಿತು. 2016ರ ತರುವಾಯ ಇಂಟರ್ನೆಟ್ಟಿನ ದರವು ಬಹಳ ಇಳಿದು, ಕೈಯಲ್ಲಿ ಹಿಡಿಯುವ ದೂರವಾಣಿಯೇ ಚಿತ್ರ ತೆಗೆಯುವ ಯಂತ್ರವೂ ಬಿತ್ತರಿಸುವ ಯಂತ್ರವೂ ಆಯಿತು. ಪರವಾನಿಗೆಯ ಅರ್ಜಿಯಿಲ್ಲ, ಪ್ರೇಷಕಯಂತ್ರದ ವೆಚ್ಚವಿಲ್ಲ. ಕನ್ನಡದ ತರುಣನೊಬ್ಬನು 'ಡಾ. ಬ್ರೋ' ಎಂಬ ಹೆಸರಿನಿಂದ ದೇಶಾಂತರಗಳ ಸಂಚಾರವನ್ನು ತೋರಿಸಿದನು. 'ಕಲಾಮಾಧ್ಯಮ'ವು ಕಲಾವಿದರನ್ನು ಕಂಡು ಅವರ ಬಾಳಿನ ಕಥೆಯನ್ನು ಸಾವಧಾನವಾಗಿ ಕೇಳಿತು. 'ಮಸ್ತ್ ಮಗಾ'ದಂಥವು ಲೋಕವಾರ್ತೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವು. ಕೃಷಿ, ಅಡಿಗೆ, ಜನಪದ ಗೀತ, ಶಾಸನಗಳ ಶೋಧ, ರಾಜಕೀಯ ಚರ್ಚೆ ಇವೆಲ್ಲಕ್ಕೂ ಪ್ರತ್ಯೇಕ ವಾಹಿನಿಗಳು ಹುಟ್ಟಿದವು. ಒಂದು ಕಾಲಕ್ಕೆ ನಾಟಕದ ಹಾಸ್ಯಪಾತ್ರಕ್ಕೆ ಹೆಚ್ಚಾಗಿ ಸಲ್ಲುತ್ತಿದ್ದ ಉತ್ತರ ಕರ್ನಾಟಕದ ಆಡುನುಡಿಯು ನಾಚದೆ ಲೋಕದ ಮುಂದೆ ಬಂದಿತು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದವನು ಆ ಕ್ಷಣದಲ್ಲಿಯೇ ಉತ್ತರ ಕೊಡಬಲ್ಲವನಾದನು. ಗವಿಮಠದ ಬಂಡೆಗೆ ಇಲ್ಲದಿದ್ದ ಗುಣವಿದು.

ಇದರಿಂದ ಎಲ್ಲವೂ ಶುಭವೇ ಆಯಿತೆಂದು ಹೇಳಲಾಗದು. ಪರೀಕ್ಷಿಸದ ಸುದ್ದಿ, ನಿಂದೆ, ನೋಡುವವರ ಸಂಖ್ಯೆಯ ಆಶೆಗಾಗಿ ಹುಟ್ಟಿಸಿದ ಕೋಲಾಹಲ ಇವೂ ಅದೇ ಬಾಗಿಲಿನಿಂದ ಒಳಗೆ ಬಂದಿವೆ. ಗೋಪಾಲಸ್ವಾಮಿಯವರ ಕೇಂದ್ರದಲ್ಲಿ ವಿದ್ವಾಂಸನ ವಿವೇಕವು ಕಾವಲಿತ್ತು; ಇಂದು ಆ ಹೊಣೆಯು ನುಡಿಯುವವನ ಮೇಲೂ ನೋಡುವವನ ಮೇಲೂ ಸಮನಾಗಿ ಬಿದ್ದಿದೆ.

ಇನ್ನೊಂದು ಭಯವು ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರಾಧ್ಯಾಪಕರ ಯಂತ್ರವು ಅವರ ಮನೆಯಲ್ಲಿತ್ತು. ಇಂದಿನವನ ವಾಹಿನಿಯು ಪರದೇಶದ ಕಂಪನಿಯ ಉಗ್ರಾಣದಲ್ಲಿದೆ. ಯಾವದನ್ನು ಜನರ ಮುಂದಿಡಬೇಕು, ಯಾವದಕ್ಕೆ ಹಣ ಕೊಡಬೇಕು ಎಂಬದನ್ನು ಆ ಕಂಪನಿಯೇ ನಿರ್ಧರಿಸುವದು. 2020ನೆಯ ಜೂನ 29ರಂದು ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಅದರಲ್ಲಿ ಹಾಡಿ ಕುಣಿದು ಹೆಸರು ಪಡೆದಿದ್ದ ಅಸಂಖ್ಯ ಗ್ರಾಮಸ್ಥರ ವೇದಿಕೆಯು ಕೆಲವೇ ದಿನಗಳಲ್ಲಿ ಇಲ್ಲದಾಯಿತು. ನಿಷೇಧಕ್ಕೆ ಕಾರಣವೇನೇ ಇರಲಿ, ಪರರ ಜಗಲಿಯ ಮೇಲೆ ಹೂಡಿದ ಅಂಗಡಿಯು ಎಷ್ಟು ಅಸ್ಥಿರವೆಂಬದು ಅಂದು ಸ್ಪಷ್ಟವಾಯಿತು. ಹಿಂದಿನ ಹವ್ಯಾಸಿಗಳು ಹಣವಿಲ್ಲದೆ ಸೋತರು. ಇಂದಿನವರಿಗೆ ಹಣವಿದ್ದರೂ ನೆಲವು ಸ್ವಂತದ್ದಲ್ಲ.

ಮೈಸೂರಿನ ಆ ಮನೆಯಿಂದ ಹೊರಟ ಮಾತುಗಳಲ್ಲಿ ಬಹುಭಾಗವು ಗಾಳಿಯಲ್ಲಿ ಕರಗಿತು. ಧ್ವನಿಯನ್ನು ಸುಲಭವಾಗಿ ಹಿಡಿದಿಡುವ ಸಾಧನವು ಆಗ ಇರಲಿಲ್ಲ. ಇಂದು ಆ ಸಾಧನವು ಪ್ರತಿಯೊಬ್ಬನ ಕಿಸೆಯಲ್ಲಿದೆ. ಕಿನ್ನಾಳದ ಬಣ್ಣದ ಗೊಂಬೆಗಳನ್ನು ಮಾಡುವವರ ಕೈಚಳಕವನ್ನೋ, ಗಂಗಾವತಿಯ ಗದ್ದೆಯ ಹಾಡನ್ನೋ, ಹಿರಿಯರ ಬಾಯಿಂದ ರಜಾಕಾರರ ಕಾಲದ ನೆನಪನ್ನೋ ತರುಣನೊಬ್ಬನು ಸೆರೆಹಿಡಿದಿದ್ದರೆ, ಅದರ ಪ್ರತಿಯೊಂದನ್ನು ಕೇಳಿ ತಂದು ಊರಿನ ವಾಚನಾಲಯದಲ್ಲಾಗಲಿ ಜಿಲ್ಲೆಯ ಸಂಘದಲ್ಲಾಗಲಿ ಕಾದಿಡುವದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಅರಸನ ಮಾತು ಕಲ್ಲಿನಲ್ಲಿದ್ದುದರಿಂದ ಇಪ್ಪತ್ತೆರಡು ಶತಮಾನಗಳಿಗೂ ಮಿಕ್ಕಿ ಉಳಿದಿದೆ. ಪ್ರಜೆಯ ಮಾತು ಇಪ್ಪತ್ತೆರಡು ವರ್ಷವಾದರೂ ಉಳಿಯಬೇಕಾದರೆ ಅದನ್ನು ಉಳಿಸುವ ಮನೆಗಳು ಬೇಕು.