ಬಿಲ್ಲೆಯ ಸುತ್ತಲಿನ ಉಂಗುರ



ದೋಹಾದ ಪ್ರಯೋಗಾಲಯವೊಂದರಲ್ಲಿ ನನ್ನ ಬೆಳಗು ಅಳತೆಪಟ್ಟಿ ಹಿಡಿದೇ ಆರಂಭ. ರೋಗಿಯ ಮಾದರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಗೆ ಸವರಿ, ಆ್ಯಂಟಿಬಯಾಟಿಕ್ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, ರಾತ್ರಿಯಿಡೀ 35 ಡಿಗ್ರಿಯಲ್ಲಿ ಬಿಡುತ್ತೇವೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಮೂಡುತ್ತದೆ.

ಅಗರ್ ಎಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ರಂಜಾನ್ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್. 1881ರಲ್ಲಿ ಅದನ್ನು ಪ್ರಯೋಗಾಲಯಕ್ಕೆ ಸೂಚಿಸಿದ ಫ್ಯಾನಿ ಹೆಸ್ಸೆಗೂ ಅದು ಅಡುಗೆಮನೆಯ ವಸ್ತುವೇ!

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿದ್ದನ್ನು ಕಂಡರು. ಆದರೆ ಔಷಧದ ಶಕ್ತಿ ಅಳೆಯಲು ಮುಂದೆ ಎಷ್ಟೋ ವರ್ಷ ಒಂದೊಂದು ಲ್ಯಾಬಿಗೆ ಒಂದೊಂದು ಪದ್ಧತಿ. 1966ರಲ್ಲಿ ಸಿಯಾಟಲ್‌ನ ಬಾವರ್, ಕಿರ್ಬಿ, ಶೆರಿಸ್, ಟರ್ಕ್ ಅವರು ಅಗರ್, ಬಿಲ್ಲೆ, ಅಳತೆ ಎಲ್ಲಕ್ಕೂ ಒಂದೇ ಕ್ರಮ ಬರೆದರು. ಇಂದು ದೋಹಾದ ವರದಿಯನ್ನು ಮಂಗಳೂರಿನ ವೈದ್ಯರು ಓದಿ ಅರ್ಥಮಾಡಿಕೊಳ್ಳುವುದು ಇಂಥ ಒಪ್ಪಂದದಿಂದಲೇ.

ಕಡಿಮೆ ಪ್ರಮಾಣದ ಔಷಧ ಸೂಕ್ಷ್ಮಾಣುಗಳಿಗೆ ಸಹನೆ ಕಲಿಸುತ್ತದೆಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಊರಿಂದ ಸೂಟ್‌ಕೇಸಿನಲ್ಲಿ ಬಂದ ಮಾತ್ರೆಗಳನ್ನು ರೂಮಿನವರು ಹಂಚಿಕೊಳ್ಳುವುದನ್ನು ನೀವೂ ಕಂಡಿದ್ದೀರಿ. (ನಾನೂ ಹಂಚಿದವನೇ, ಲ್ಯಾಬಿಗೆ ಸೇರುವ ಮುನ್ನ.) ಹಾಗೆ ನುಂಗಿ ಬಂದವರ ತಟ್ಟೆಯಲ್ಲಿ ಕೆಲವೊಮ್ಮೆ ಏನೂ ಬೆಳೆಯುವುದಿಲ್ಲ; ಜ್ವರ ಮಾತ್ರ ಇರುತ್ತದೆ. ಆಗ ನಾನು ಅಳೆಯುವುದಾದರೂ ಏನನ್ನು?